ಕಂಪ್ಲಿಯಲ್ಲಿ ಮಣ್ಣು ನೋಡುವ ಪಲ್ಲವಿ

ಕಂಪ್ಲಿಯ ಹೊಳೆದಿಕ್ಕಿನ ಕೇರಿಯಲ್ಲಿ ಎಂ.ಎಸ್ಸಿ. ಮುಗಿಸಿದ ಮೊದಲ ಹುಡುಗಿ ಪಲ್ಲವಿ. ಅಪ್ಪ ಓಬಳಪ್ಪ ಅಕ್ಕಿ ಗಿರಣಿಯಲ್ಲಿ ಮೂಟೆ ಹೊರುತ್ತಿದ್ದ. ಅವ್ವ ದುರ್ಗಕ್ಕ ಮೂವತ್ತು ವರ್ಷ ಕಂಡವರ ಗದ್ದೆಗಳಲ್ಲಿ ನಾಟಿ ಹಚ್ಚಿದವಳು. ಸ್ವಂತದ್ದು ಅಂತ ಅಂಗೈಯಗಲ ಹೊಲವಿರಲಿಲ್ಲ. 2001ರಲ್ಲಿ ಮಗಳಿಗೆ ಹೊಸಪೇಟೆ–ಸಂಡೂರು ರಸ್ತೆಯ ಒಂದು ಗಣಿ ಕಂಪನಿಯ ಲ್ಯಾಬಿನಲ್ಲಿ ಕೆಮಿಸ್ಟ್ ಕೆಲಸ ಸಿಕ್ಕಾಗ ದುರ್ಗಕ್ಕ ಕೇರಿಯ ಅಷ್ಟೂ ಮನೆಗೆ ಸಕ್ಕರೆ ಹಂಚಿದಳು. ಬಾಗಿಲು ಬಾಗಿಲಿಗೂ ಅದೇ ಮಾತು: "ನನ್ನ ಮಗಳು ಇನ್ನ ಮ್ಯಾಲೆ ಕೆಸರಾಗ ಕಾಲಿಡಂಗಿಲ್ಲ ನೋಡ್ರಿ."

ಆಗ ಲ್ಯಾಬು ಅಂದರೆ ತಗಡಿನ ಸೂರಿನ ಕೆಳಗೆ ಎರಡು ಮೇಜು, ಒಂದು ಸೂಕ್ಷ್ಮ ತಕ್ಕಡಿ, ಸಾಲಾಗಿ ನಿಂತ ಗಾಜಿನ ಬುರೆಟ್ಟುಗಳು. ಸಂಡೂರಿನ ಗುಡ್ಡಗಳಿಂದ ಬಂದ ಅದಿರನ್ನು ಪುಡಿ ಮಾಡಿ, ಆಸಿಡ್ಡಿನಲ್ಲಿ ಕರಗಿಸಿ, ಅದರಲ್ಲಿ ಕಬ್ಬಿಣ ಎಷ್ಟಿದೆ ಎಂದು ಹೇಳುವುದು ಪಲ್ಲವಿಯ ಕೆಲಸ. ಬುರೆಟ್ಟಿನಿಂದ ಹನಿಹನಿಯಾಗಿ ದ್ರಾವಣ ಬಿಡುತ್ತಾ ಹೋದರೆ ಕೆಳಗಿನ ಸೀಸೆಯ ಹಸಿರು ನೀರು ಯಾವುದೋ ಒಂದು ಹನಿಗೆ ಥಟ್ಟನೆ ನೇರಳೆಗೆ ತಿರುಗುತ್ತಿತ್ತು. ಒಂದು ಹನಿ ಹೆಚ್ಚು ಬಿದ್ದರೆ ಲೆಕ್ಕ ಕೆಟ್ಟಿತು. ಉಸಿರು ಬಿಗಿಹಿಡಿದು ಆ ಹನಿಗಾಗಿ ಕಾಯುವುದು ಅವಳಿಗೆ ಎಷ್ಟು ಇಷ್ಟವಾಗಿತ್ತೆಂದರೆ, ಮೊದಲ ವರ್ಷ ಊಟದ ಬಿಡುವಿನಲ್ಲೂ ಬುರೆಟ್ಟಿನ ಮುಂದೆಯೇ ನಿಂತಿರುತ್ತಿದ್ದಳು.

ಮುಂದಿನ ಎರಡೇ ವರ್ಷದಲ್ಲಿ ಎಲ್ಲವೂ ಬದಲಾಯಿತು. ಚೀನಾದವರು ಎಷ್ಟು ಅದಿರು ಕೊಟ್ಟರೂ ಸಾಲದು ಅನ್ನತೊಡಗಿದರು. ಸಂಡೂರಿನಿಂದ ಹೊಸಪೇಟೆಗೆ ಬರುವ ಲಾರಿಗಳು ಒಂದರ ಬಾಲಕ್ಕೊಂದು ಅಂಟಿಕೊಂಡು ನಿಂತವು. ರಸ್ತೆ ಬದಿಯ ಬೇವಿನ ಗಿಡಗಳ ಎಲೆ ಕೆಂಪಾಯಿತು, ಒಣಹಾಕಿದ ಬಟ್ಟೆ ಕೆಂಪಾಯಿತು. ಲ್ಯಾಬಿಗೆ ಏಸಿ ಬಂತು, ಅರ್ಧ ಗೋಡೆಯಷ್ಟಗಲದ ಎಕ್ಸ್‌ರೇ ಯಂತ್ರ ಬಂತು. ಪುಡಿಯನ್ನು ಒತ್ತಿ ಬಿಲ್ಲೆ ಮಾಡಿ ಒಳಗಿಟ್ಟರೆ ಸಾಕು, ಪರದೆಯ ಮೇಲೆ ಅಂಕಿ ಬರುತ್ತಿತ್ತು. ಬುರೆಟ್ಟುಗಳನ್ನು ರಟ್ಟಿನ ಡಬ್ಬಿಗೆ ತುಂಬಿ ಅಟ್ಟಕ್ಕೆ ಹಾಕಿದರು. ಪಲ್ಲವಿಗೆ ಬಡ್ತಿ ಸಿಕ್ಕಿತು: ಅಸಿಸ್ಟೆಂಟ್ ಮ್ಯಾನೇಜರ್, ಕ್ವಾಲಿಟಿ. ಓಡಾಡಲು ಜೀಪು, ಕೈಯಲ್ಲಿ ಎರಡು ಮೊಬೈಲು. ಒಂದರಲ್ಲಿ ಬಂದರಿನವರು, ಇನ್ನೊಂದರಲ್ಲಿ ಗಣಿಯವರು. ಇಬ್ಬರಿಗೂ ಬೇಕಾದದ್ದು ಒಂದೇ, ಅಂಕಿ ಮತ್ತು ಜಲ್ದಿ.

ಅವಳು ಹೊಸಪೇಟೆಯಲ್ಲಿ ಮನೆ ಹಿಡಿದಳು. ತಿಂಗಳಿಗೊಮ್ಮೆ ಕಂಪ್ಲಿಗೆ ಹೋದರೆ ಅವ್ವ ಎದುರಿಗೆ ಕೂತು ಮಾತಾಡುತ್ತಿದ್ದಳು. ಪಲ್ಲವಿ ಹ್ಞೂಂಗುಟ್ಟುತ್ತಿದ್ದಳು, ಆದರೆ ಒಂದು ಮಾತೂ ತಲೆಗೆ ಹೋಗುತ್ತಿರಲಿಲ್ಲ. ಓದುವ ಪುಸ್ತಕ ಅದೇ ಪುಟದಲ್ಲಿ ಉಳಿಯಿತು. ಡಾಕ್ಟರು ನಾಡಿ ಹಿಡಿದು ನೋಡಿ ಶಕ್ತಿ ಗುಳಿಗೆ ಬರೆದುಕೊಟ್ಟರು. 2005ರ ಒಂದು ಬೆಳಿಗ್ಗೆ ಕಂಪನಿಯ ಅಂಗಳದಲ್ಲಿ ಜೀಪು ನಿಂತ ಮೇಲೂ ಅವಳ ಕೈ ಬಾಗಿಲಿನ ಹಿಡಿಕೆಯ ತನಕ ಹೋಗಲಿಲ್ಲ. ಡ್ರೈವರ್ ಭರಮಣ್ಣ ಕನ್ನಡಿಯಲ್ಲಿ ನೋಡಿ ಕೇಳಿದ, "ಮೇಡಂ, ಆರಾಮಿಲ್ಲೇನ್ರಿ?"

"ಆರಾಮ ಇದೀನಿ. ಒಂದೈದು ನಿಮಿಷ."

ಐದು ನಿಮಿಷ ಅರ್ಧ ಗಂಟೆಯಾಯಿತು. ಮರುದಿನವೂ ಹಾಗೇ ಆಯಿತು. ಭರಮಣ್ಣ ಮತ್ತೆ ಕೇಳಲಿಲ್ಲ. ಜೀಪನ್ನು ನೆರಳಿಗೆ ನಿಲ್ಲಿಸಿ, ತಾನಿಳಿದು ಬೀಡಿ ಹಚ್ಚುತ್ತಿದ್ದ. ತಾನು ಸಹಿ ಹಾಕಿ ಕಳಿಸಿದ ಅದಿರು ಎಲ್ಲಿಗೆ ಹೋಯಿತು, ಏನಾಯಿತು, ಯಾರಿಗೆ ಉಪಯೋಗಕ್ಕೆ ಬಂತು ಎಂಬುದು ಇಷ್ಟು ವರ್ಷದಲ್ಲಿ ಒಮ್ಮೆಯೂ ಅವಳಿಗೆ ತಿಳಿದಿರಲಿಲ್ಲ. ಹಡಗು ಹೋಗುತ್ತಿತ್ತು, ಇನ್ನೊಂದು ಬರುತ್ತಿತ್ತು.

ಹೀಗಿರುವಾಗ 2006ರ ಬೇಸಿಗೆಯಲ್ಲಿ ಒಬ್ಬ ಹೆಂಗಸು ಕಂಪನಿಯ ಗೇಟಿಗೆ ಬಂದಳು. ಹೆಸರು ಕೊಟ್ರಬಸಮ್ಮ. ಕಂಪ್ಲಿ ಕಡೆಯವಳೇ, ಗಂಡ ತೀರಿಕೊಂಡ ಮೇಲೆ ಎರಡೆಕರೆ ಗದ್ದೆಯನ್ನು ತಾನೇ ಮಾಡಿಸುತ್ತಿದ್ದಳು. ಕಂಕುಳಲ್ಲಿ ಹಳೇ ಸೀರೆಯ ಗಂಟು. ಗಂಟಿನಲ್ಲಿ ಮಣ್ಣು. ಸೆಕ್ಯೂರಿಟಿಯವರು ನಗುತ್ತಿರುವುದನ್ನು ಕಂಡು ಪಲ್ಲವಿ ಹೊರಗೆ ಬಂದಳು.

"ಇಲ್ಲಿ ಮಣ್ಣು ನೋಡ್ತಾರಂತಲ್ಲ ಯವ್ವ?" ಎಂದಳು ಕೊಟ್ರಬಸಮ್ಮ. "ನನ್ನ ಗದ್ದ್ಯಾಗ ಅರ್ಧಕ್ಕರ್ಧ ಸಸಿ ನಿಂದ್ರವಲ್ವು. ಬೆಳ್ಳಗ ಉಪ್ಪೆದ್ದಂಗ ಏಳತೈತಿ. ಗೊಬ್ಬರದಂಗಡ್ಯಾಗ ಕೇಳಿದ್ರ ಇನ್ನೊಂದು ಚೀಲ ಯೂರಿಯಾ ಹಾಕು ಅಂತಾರ. ಹಾಕಿದಷ್ಟೂ ಸಾಯಾಕತ್ತಾವು."

"ಇಲ್ಲಿ ಅದಿರು ಅಷ್ಟೇ ನೋಡ್ತೀವಿ ಅಮ್ಮ. ಹೊಲದ ಮಣ್ಣಲ್ಲ."

"ಅದೂ ಮಣ್ಣ ಅಲ್ಲೇನು?"

ಪಲ್ಲವಿ ಒಂದು ಚಿಟಿಕೆ ಮಣ್ಣನ್ನು ಬೆರಳಲ್ಲಿ ಉಜ್ಜಿ ನೋಡಿದಳು. ಗಂಟು ಇಸಿದುಕೊಂಡು, ವಾರ ಬಿಟ್ಟು ಬನ್ನಿ ಅಂದಳು. ಮರುದಿನ ಊಟದ ಬಿಡುವಿನಲ್ಲಿ ಅಟ್ಟದ ಮೇಲಿನ ಡಬ್ಬಿ ಇಳಿಸಿ, ಬುರೆಟ್ಟುಗಳ ಧೂಳು ತೊಳೆದಳು. ಕಾಲೇಜಿನ ಹಳೇ ಪುಸ್ತಕ ತೆಗೆದು ಕ್ರಮ ಓದಿಕೊಂಡಳು. ಮಣ್ಣನ್ನು ಬಟ್ಟಿ ಇಳಿಸಿದ ನೀರಿನಲ್ಲಿ ಕದಡಿ, ತಿಳಿ ಸೋಸಿ, ಕ್ಷಾರ ಎಷ್ಟು, ಉಪ್ಪು ಎಷ್ಟು ಎಂದು ಮೂರು ದಿನ ನೋಡಿದಳು. ಮೂರನೆಯ ದಿನ ಬುರೆಟ್ಟಿನ ತಿರುಪು ಹಿಡಿದು ನಿಂತಾಗ, ಎಷ್ಟೋ ತಿಂಗಳಾದ ಮೇಲೆ ತನಗೆ ಹಸಿವಾಗಿದೆ ಎಂಬುದು ಅವಳಿಗೆ ಗೊತ್ತಾಯಿತು.

ಕೊಟ್ರಬಸಮ್ಮ ಬಂದಾಗ ಪಲ್ಲವಿ ಅವಳನ್ನು ಗೇಟಿನ ಹೊರಗಿನ ಚಹದಂಗಡಿಯಲ್ಲಿ ಕೂರಿಸಿ ತಿಳಿಸಿ ಹೇಳಿದಳು. ಮಣ್ಣಿನಲ್ಲಿ ಕ್ಷಾರ ಏರಿದೆ; ಯೂರಿಯಾ ನಿಲ್ಲಿಸಬೇಕು, ಕ್ಷಾರ ಇಳಿಸಲು ಜಿಪ್ಸಂ ಹಾಕಬೇಕು, ಗದ್ದೆಯಲ್ಲಿ ನೀರು ನಿಲ್ಲಿಸಿ ಬಸಿಗಾಲುವೆಗೆ ಬಿಡಬೇಕು, ಡೈಂಚ ಎಂಬ ಹಸಿರುಗೊಬ್ಬರದ ಗಿಡ ಬಿತ್ತಿ ಹೂವಾಡುವ ಹೊತ್ತಿಗೆ ಮಣ್ಣಿಗೇ ಸೇರಿಸಿ ಉಳಬೇಕು. ಒಂದು ಬೆಳೆಗೆ ಆಗುವ ಕೆಲಸವಲ್ಲ.

"ಎಷ್ಟು ಬೆಳಿಗೆ ಆಗತೈತಿ?"

"ಮೂರು ಬೆಳಿ ಹಿಡಿಬಹುದು."

"ಆಗಲಿ. ನೀ ಬಂದು ನೋಡ್ತೀಯಲ್ಲ?"

"ಬರ್ತೀನಿ" ಅಂದುಬಿಟ್ಟಳು ಪಲ್ಲವಿ.

ವಿಷಯ ಮ್ಯಾನೇಜರ್ ಮನೋಹರ್ ಕಿವಿಗೆ ಬಿತ್ತು. ಅವನು ಕೆಟ್ಟವನಲ್ಲ. ಅವನಿಗೂ ಎರಡು ಮೊಬೈಲು, ಬಿ.ಪಿ. ಗುಳಿಗೆ ಬೇರೆ. ಬಾಗಿಲು ಹಾಕಿ ಕೂತು ಕೇಳಿದ, "ಏನಮ್ಮ ಇದು? ಕಂಪನಿ ಲ್ಯಾಬಲ್ಲಿ ಗದ್ದೆ ಮಣ್ಣಂತೆ? ಮೇಲಿನವರಿಗೆ ಗೊತ್ತಾದ್ರೆ ನನಗೆ ಮೆಮೊ ಬರುತ್ತೆ. ರಜೆ ಬೇಕಾದ್ರೆ ಹದಿನೈದು ದಿನ ತಗೋ. ಊಟಿಗೆ ಹೋಗಿ ಬಾ."

"ರಜೆ ಸಾಲೋದಿಲ್ಲ ಸರ್."

"ಮತ್ತೆ?"

ಆ 'ಮತ್ತೆ'ಗೆ ಉತ್ತರ ಹುಡುಕಲು ಅವಳಿಗೆ ಎರಡು ತಿಂಗಳು ಬೇಕಾಯಿತು. ರೈತರ ಮಣ್ಣು ಪರೀಕ್ಷೆಗೆಂದು ಕಂಪ್ಲಿಯ ಬಜಾರಿನ ಹಿಂದೆ ಒಂದು ಕೋಣೆ ನೋಡಿದಳು, ಹಳೇ ತಕ್ಕಡಿಗಾಗಿ ಹುಬ್ಬಳ್ಳಿಯ ತನಕ ಹೋಗಿ ಬಂದಳು. ಆಗಸ್ಟಿನಲ್ಲಿ ರಾಜೀನಾಮೆ ಕೊಟ್ಟಳು.

ಸರ್ಕಾರದ ಮಣ್ಣು ಪರೀಕ್ಷೆ ಇಲ್ಲದೆ ಇರಲಿಲ್ಲ. ಆದರೆ ಫಲಿತಾಂಶದ ಚೀಟಿ ಬರುವಷ್ಟರಲ್ಲಿ ಬೆಳೆ ಕೊಯ್ಲಿಗೆ ಬಂದಿರುತ್ತಿತ್ತು, ಬಂದ ಚೀಟಿಯನ್ನು ಬಿಡಿಸಿ ಹೇಳುವವರಿರಲಿಲ್ಲ. ತಾನು ವಾರದೊಳಗೆ ಹೇಳುತ್ತೇನೆ, ಹೊಲದಲ್ಲೇ ನಿಂತು ಹೇಳುತ್ತೇನೆ ಎಂಬುದು ಪಲ್ಲವಿಯ ಹಟ.

ಸುದ್ದಿ ಕೇಳಿದ ದುರ್ಗಕ್ಕ ಒಲೆಯ ಮುಂದಿಂದ ಏಳಲೇ ಇಲ್ಲ.

"ಏಸಿ ಬಿಟ್ಟು ಬಂದ್ಯಾ? ಇದೇ ಕೆಸರಿಗೆ?"

"ಅವ್ವ, ಅಲ್ಲಿ ನನ್ನ ಜೀವ ಒಣಗಾಕತ್ತಿತ್ತು."

"ನಾನು ಮೂವತ್ತು ವರ್ಷ ಬಗ್ಗೀನಿ. ನನ್ನ ಜೀವ ಒಣಗಲಿಲ್ಲೇನು? ಯಾರಿಗಾರ ಹೇಳಿದ್ನೇನು?"

ಅಂದಿನಿಂದ ಒಂದೇ ಮನೆಯಲ್ಲಿದ್ದರೂ ತಾಯಿ ಮಗಳ ನಡುವೆ ಮಾತು ನಿಂತುಹೋಯಿತು. ಓಬಳಪ್ಪ ಮಾತ್ರ ಗಿರಣಿಗೆ ಹೋಗುವ ಮೊದಲು ಕೋಣೆಗೆ ಬಂದು, ಎರಡು ಕೊಡ ನೀರು ತುಂಬಿಸಿಟ್ಟು ಹೋಗುತ್ತಿದ್ದ.

ಮೊದಲ ಆರು ತಿಂಗಳು ಕೋಣೆಗೆ ಬಂದವರು ಕಡಿಮೆ. ಬಂದವರಲ್ಲಿ ಅರ್ಧ ಜನ 'ಓಬಳಪ್ಪನ ಮಗಳು ಅದೇನು ಮಾಡಾಕತ್ಯಾಳ' ಅಂತ ನೋಡಲು ಬಂದವರು. ಪಲ್ಲವಿ ಮೊಪೆಡ್ ಹತ್ತಿ ತಾನೇ ಬದುಗಳ ಮೇಲೆ ಹೊರಟಳು. ಕೆಲವರು ಗದ್ದೆಗೆ ಇಳಿಯಗೊಡಲಿಲ್ಲ. ನಾಟಿಗೆ ಬರುವವರ ಮಗಳು ಬುದ್ಧಿ ಹೇಳಲು ಬಂದದ್ದು ಅವರಿಗೆ ಸರಿಬೀಳಲಿಲ್ಲ. ಹೊರಗೆ ಹೋಗು ಅಂದವರ ಗದ್ದೆಗೆ ಮುಂದಿನ ತಿಂಗಳು ಮತ್ತೆ ಹೋದಳು. ಮೂರು ಸಲ ಹೋದ ಮೇಲೆ ಕೆಲವರಿಗೆ ಬೇಸರವಾಗಿ, ಮಣ್ಣು ತಗೊಂಡು ಹೋಗು ಅಂದರು.

ಆದರೆ ಕೊಟ್ರಬಸಮ್ಮನ ಗದ್ದೆಯೇ ಅವಳನ್ನು ಸೋಲಿಸುವಂತೆ ಕಂಡಿತು. ಜಿಪ್ಸಂ ಹಾಕಿ, ನೀರು ಬಸಿದು, ಡೈಂಚ ಉತ್ತರೂ ಮೊದಲ ಬೆಳೆಯಲ್ಲಿ ಸಸಿ ಅಲ್ಲಲ್ಲಿ ಸತ್ತವು. ಹೊಸದಾಗಿ ತೆಗೆದ ಮಣ್ಣಿನ ಅಂಕಿ ಚೆನ್ನಾಗಿದೆ ಅನ್ನುತ್ತಿತ್ತು, ಗದ್ದೆ ಇಲ್ಲ ಅನ್ನುತ್ತಿತ್ತು. ಎಲ್ಲಿ ತಪ್ಪಿದೆ ಎಂದು ತಿಳಿಯದೆ ಪಲ್ಲವಿ ಒಂದು ಮಧ್ಯಾಹ್ನ ಮತ್ತೆ ಸಲಿಕೆ ಹಿಡಿದು ಅದೇ ಗದ್ದೆಯಲ್ಲಿ ಅಗೆಯುತ್ತಿದ್ದಳು. ಪಕ್ಕದ ಗದ್ದೆಯಲ್ಲಿ ಕಳೆ ತೆಗೆಯುವ ಆಳುಗಳಲ್ಲಿ ದುರ್ಗಕ್ಕನೂ ಇದ್ದಳು. ಮಗಳು ಅಗೆಯುವುದನ್ನು ಬಹಳ ಹೊತ್ತು ನೋಡಿದಳು. ಕೊನೆಗೆ ತಡೆಯಲಾರದೆ ಬದು ದಾಟಿ ಬಂದಳು.

"ಅಲ್ಲಿ ಯಾಕ ಅಗಿತೀಯ?"

ಎಂಟು ತಿಂಗಳ ಮೇಲೆ ಬಂದ ಮೊದಲ ಮಾತು ಅದು.

"ನಾಕೂ ಮೂಲಿ, ನಡಕೊಂದು ಕಡೆ ತಗೀಬೇಕವ್ವ. ಪುಸ್ತಕದಾಗ ಹಂಗೈತಿ."

"ಪುಸ್ತಕ ಬರದವ ಇಲ್ಲಿ ನಾಟಿ ಹಚ್ಯಾನೇನು? ಆ ಮೂಲಿ ಯಾವತ್ತೂ ಚೊಲೋ ಐತಿ. ಕೆಟ್ಟದ್ದಿರೋದು ಇಲ್ಲಿ." ದುರ್ಗಕ್ಕ ಸೀರೆ ಎತ್ತಿಕಟ್ಟಿ ಗದ್ದೆಗಿಳಿದು, ಅಂಗಾಲಿನಿಂದ ತಡವಿಕೊಂಡು ಹೋಗುವಂತೆ ಓರೆಯಾಗಿ ನಡೆದಳು. "ಇಲ್ಲಿಂದ ಆ ತೂಬಿನ ತನಕ ಪಟ್ಟಿ ಹಾದಂಗ ಐತಿ. ಕಾಲಿಟ್ಟರ ಸಾಬೂನಿನಂಗ ಜಾರತೈತಿ, ಕೆಳಗ ಮಾತ್ರ ಕಲ್ಲಿನಂಗ ಬಿರುಸು. ಸಸಿ ಚುಚ್ಚಿದ್ರ ಬೆರಳು ನೋಯ್ತಾವು. ಎಲ್ಲಾ ಹೆಣ್ಣಾಳಿಗೂ ಗೊತ್ತೈತಿ ಇದು. ನಮ್ಮನ್ನ ಯಾರ ಕೇಳ್ಯಾರ?"

ಪಲ್ಲವಿ ಅವ್ವ ತೋರಿಸಿದ ಪಟ್ಟಿಯುದ್ದಕ್ಕೂ ಅಗೆದು ಮಣ್ಣು ತೆಗೆದಳು. ಕೋಣೆಗೆ ತಂದು ನೋಡಿದರೆ ಕ್ಷಾರ ಮೀಟರಿನ ಮುಳ್ಳು ಏರುತ್ತಲೇ ಹೋಯಿತು. ಗದ್ದೆಗೆಲ್ಲ ಒಂದೇ ಸಮ ಎರಚಿದ ಜಿಪ್ಸಂ ಆ ಪಟ್ಟಿಗೆ ಏನೇನೂ ಸಾಲುವಂತಿರಲಿಲ್ಲ. ಬಸಿಗಾಲುವೆಯೂ ಅದಕ್ಕೆ ಅಡ್ಡವಾಗಿ ಬರಬೇಕಿತ್ತು, ತಾವು ಉದ್ದಕ್ಕೆ ತೋಡಿಸಿದ್ದರು. ಸಂಜೆ ಅವಳು ಮನೆಗೆ ಹೋಗಿ ಅವ್ವನ ಎದುರು ಕೂತು, "ನಾಳಿಂದ ನನ್ನ ಜೊತಿ ಬಾ" ಅಂದಳು.

"ಕೂಲಿ ಯಾರು ಕೊಡ್ತಾರ?"

"ನಾನು ಕೊಡ್ತೀನಿ."

"ನೋಡೋಣ ತಗೋ" ಅಂದ ದುರ್ಗಕ್ಕ ಮರುದಿನ ಮಗಳಿಗಿಂತ ಮೊದಲೇ ತಯಾರಾಗಿ ಹೊಸ್ತಿಲ ಮೇಲೆ ಕೂತಿದ್ದಳು.

ಅಲ್ಲಿಂದ ಕೆಲಸದ ರೀತಿಯೇ ಬೇರೆಯಾಯಿತು. ಯಾವ ಗದ್ದೆಗೆ ಹೋದರೂ ಪಲ್ಲವಿ ಮೊದಲು ಅಲ್ಲಿ ನಾಟಿ ಹಚ್ಚುವ ಹೆಂಗಸರನ್ನು ಕರೆದು ಕೇಳುತ್ತಿದ್ದಳು. ಕಾಲು ಎಲ್ಲಿ ಹೂಳುತ್ತದೆ, ಎಲ್ಲಿ ಜಾರುತ್ತದೆ, ಎಲ್ಲಿ ಬೆರಳು ನೋಯುತ್ತದೆ. ಅವರು ಹೇಳಿದಂತೆ ಕಾಗದದ ಮೇಲೆ ಗದ್ದೆ ಬರೆದುಕೊಂಡು, ಆಮೇಲೆ ಸಲಿಕೆ ಇಳಿಸುತ್ತಿದ್ದಳು. ಜಂಬವ್ವ ಎಂಬ ಮುದುಕಿ, "ನಲವತ್ತು ವರ್ಷದಾಗ ಮಣ್ಣು ಹೆಂಗೈತಿ ಅಂತ ನನ್ನ ಕೇಳಿದಾಕಿ ನೀನ ಮೊದಲು" ಎಂದು ನಗುತ್ತಾ ಮೂರೆಕರೆಯ ಗುಣವನ್ನು ಬಾಯಿಪಾಠದಂತೆ ಒಪ್ಪಿಸಿದಳು. ಕೊಟ್ರಬಸಮ್ಮನ ಗದ್ದೆಯಲ್ಲಿ ಆ ಪಟ್ಟಿಗೆ ಹೆಚ್ಚು ಜಿಪ್ಸಂ ಹಾಕಿ, ಬಸಿಗಾಲುವೆ ಅಡ್ಡಕ್ಕೆ ತೋಡಿಸಿದ ಮೇಲೆ ಎರಡನೆಯ ಬೆಳೆಗೆ ಪಟ್ಟಿಯ ಅರ್ಧದಷ್ಟರಲ್ಲಿ ಸಸಿ ನಿಂತವು. ಮೂರನೆಯದಕ್ಕೆ ತೂಬಿನ ಹತ್ತಿರದ ಒಂದು ತುಣುಕು ಬಿಟ್ಟು ಮಿಕ್ಕದ್ದೆಲ್ಲ ತೆನೆಯಾಯಿತು.

2008ರ ಬೇಸಿಗೆಯಲ್ಲಿ ಮನೋಹರ್ ಫೋನು ಮಾಡಿದ. ಇನ್ನೆರಡು ಲ್ಯಾಬು ಮಾಡುತ್ತಿದ್ದೇವೆ, ಎಲ್ಲಕ್ಕೂ ನೀನೇ ಮುಖ್ಯಸ್ಥೆ, ಕೇಳಿದ್ದು ಕೊಡುತ್ತಾರೆ ಅಂದ. ಆ ವಾರ ಮಳೆ ಬಿದ್ದು ಕೋಣೆ ಸೋರುತ್ತಿತ್ತು, ಮೊಪೆಡ್ ಕೆಟ್ಟಿತ್ತು. ಆದರೂ ಪಲ್ಲವಿ ಯೋಚಿಸಲು ಸಮಯ ಕೇಳಲಿಲ್ಲ.

"ಬರೋದಿಲ್ಲ ಸರ್. ನೀವು ಹೇಗಿದ್ದೀರಿ?"

"ಯಾರೂ ಕೇಳೋದಿಲ್ಲಮ್ಮ ಇದನ್ನ" ಅಂದು ಅವನು ಫೋನಿಟ್ಟ. ದೀಪಾವಳಿಯ ಹೊತ್ತಿಗೆ ಅದಿರಿನ ಬೆಲೆ ಕುಸಿಯಿತು. ಹೊಸ ಲ್ಯಾಬುಗಳ ಮಾತು ನಿಂತಿತು, ಇದ್ದವರಲ್ಲೂ ಕೆಲವರನ್ನು ಮನೆಗೆ ಕಳಿಸಿದರು ಎಂದು ಭರಮಣ್ಣ ಕಂಪ್ಲಿಗೆ ಬಂದಾಗ ತಿಳಿಸಿದ. ಪಲ್ಲವಿಗೆ ಅದರಿಂದ ಖುಷಿಯೇನೂ ಆಗಲಿಲ್ಲ. ಅಲ್ಲಿ ಕೆಲಸ ಕಳಕೊಂಡವರು ಅವಳ ಜೊತೆ ಬುತ್ತಿ ಹಂಚಿಕೊಂಡವರು.

ಮುಂದಿನ ವರ್ಷ ತೋಟಪ್ಪನವರಿಂದ ಕರೆ ಬಂತು. ಓಬಳಪ್ಪ ಮೂಟೆ ಹೊರುವ ಗಿರಣಿಯ ಯಜಮಾನರು ಅವರೇ. ಕಾಲುವೆಯ ಕೊನೆಯಲ್ಲಿ ಅವರ ದೊಡ್ಡ ಗದ್ದೆ. ಮೊದಲ ವರ್ಷ ಪಲ್ಲವಿಯನ್ನು ಬದುವಿನಿಂದಲೇ ವಾಪಸು ಕಳಿಸಿದ್ದವರು ಈಗ ಗಿರಣಿಯ ಜಗುಲಿಯಲ್ಲಿ ಕುರ್ಚಿ ಹಾಕಿಸಿದ್ದರು.

"ಬಾರವ್ವ, ಕುಂದ್ರು. ಕೊಟ್ರಬಸಮ್ಮನ ಗದ್ದಿ ನೋಡಿದೆ. ಭಾಳ ಚೊಲೋ ಆಗೈತಿ."

ಪಲ್ಲವಿ ಕೂರಲಿಲ್ಲ. ಅವಳ ಹಿಂದೆ, ಜಗುಲಿಯ ಕೆಳಗೆ, ದುರ್ಗಕ್ಕ ಸಲಿಕೆ ಹಿಡಿದು ಎಂದಿನ ಅಭ್ಯಾಸದಂತೆ ಅಂಗಳದಲ್ಲೇ ನಿಂತಿದ್ದಳು.

"ಆ ಗದ್ದಿ ರೋಗ ಕಂಡುಹಿಡದಾಕಿ ನಮ್ಮವ್ವ. ನಾನು ಅಂಕಿ ಬರದೀನಿ ಅಷ್ಟ. ಅವ್ವಗೂ ಒಂದು ಕುರ್ಚಿ ಹಾಕಸ್ರಿ, ಇಬ್ಬರೂ ಕುಂತು ಮಾತಾಡ್ತೀವಿ."

ಮೂಟೆ ಹೊರುತ್ತಿದ್ದವರು ಹೊರುವುದನ್ನು ನಿಲ್ಲಿಸಿದರು. ಅವರಲ್ಲಿ ಓಬಳಪ್ಪನೂ ಇದ್ದ. ತೋಟಪ್ಪನವರು ಒಮ್ಮೆ ಕೆಮ್ಮಿದರು, ಗುಮಾಸ್ತನ ಕಡೆ ನೋಡಿದರು. ಗುಮಾಸ್ತ ಒಳಗೆ ಹೋಗಿ ಕುರ್ಚಿ ತಂದಿಟ್ಟ. ದುರ್ಗಕ್ಕ, "ಬ್ಯಾಡ ಬಿಡು, ಸುಮ್ಮಕಿರು" ಎಂದು ಮಗಳಿಗೆ ಪಿಸುಗುಟ್ಟಿದಳು. ಮಗಳು ಅಲುಗಾಡಲಿಲ್ಲ. ಕೊನೆಗೆ ದುರ್ಗಕ್ಕ ಮೆಟ್ಟಿಲೇರಿ, ಸಲಿಕೆಯನ್ನು ಗೋಡೆಗೆ ಒರಗಿಸಿ, ಕುರ್ಚಿಯ ಅಂಚಿನಲ್ಲಿ ಕೂತಳು. ಕೂತ ಮೇಲೆ ಅವಳಿಗೆ ಧೈರ್ಯ ಬಂದಂತೆ ಕಂಡಿತು.

"ನಿಮ್ಮ ಮೂಡಲ ದಿಕ್ಕಿನ ಗದ್ದಿ ಐತಲ್ಲ ಯಜಮಾನ್ರ," ಅಂದಳು, "ಅದಕ ಜಿಪ್ಸಂ ಬ್ಯಾಡ. ಅದರ ತೊಂದ್ರಿನ ಬ್ಯಾರೆ. ಕೆಳಗಿಂದ ನೀರು ಒಸರತೈತಿ. ಹತ್ತು ವರ್ಷದಿಂದ ನಾವು ನೋಡಾಕತ್ತೀವಿ."

ತೋಟಪ್ಪನವರು ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡರು. ಪಲ್ಲವಿ ಚೀಲದಿಂದ ಕಾಗದ ಪೆನ್ಸಿಲು ತೆಗೆದು ಗದ್ದೆಯ ಗೆರೆ ಹಾಕತೊಡಗಿದಳು.

"ಒಸರೋದು ಎಲ್ಲಿಂದ ಅವ್ವ? ತೂಬಿನ ಈ ಕಡಿಗೋ, ಆ ಕಡಿಗೋ?"