ನಾಯಿಯ ಕಥೆಗೆ ಕೊನೆ ಸಿಗದ ವಾರ

ಮೊನ್ನೆ ಒಗೆಯಲೆಂದು ಮೊಮ್ಮಗಳು ಸಿಂಚನಾಳ ಸ್ವೆಟರು ಎತ್ತಿಕೊಂಡಾಗ ನೆನೆದ ನಾಯಿಯ ವಾಸನೆ ಮೂಗಿಗೆ ಬಡಿಯಿತು. ತುಮಕೂರಿನ ನಮ್ಮ ಬೀದಿಯ ಮೂಲೆಯಲ್ಲಿ ಮಲಗುವ ಯಾವುದೋ ನಾಯಿಯನ್ನು ಅಪ್ಪಿಕೊಂಡು ಬಂದಿದ್ದಳು. ಬೈಯಬೇಕಿತ್ತು. ಅದು ಬಿಟ್ಟು ಸ್ವೆಟರನ್ನು ಇನ್ನೊಮ್ಮೆ ಮೂಸಿದೆ. ನೀವು ನಾಯಿ ಸಾಕಿದವರಾದರೆ ನಗಲಾರಿರಿ.

ಹಳ್ಳಿ ಶಾಲೆಯಲ್ಲಿ ಏಳನೇ ಕ್ಲಾಸಿನವರೆಗೆ ಓದಿದ ನನಗೆ ಮೊಮ್ಮಕ್ಕಳಿಗೆ ಕಥೆ ಬರೆಯುವ ಹುಚ್ಚು ಹತ್ತಿದ್ದು ಯಜಮಾನರು ಹೋದ ಮೇಲೆ. ಮನೆಯಲ್ಲಿ ಯಾರೂ ಇಲ್ಲದಾಗ ಬರೆಯುತ್ತೇನೆ. ಬೆಲ್ ಆದರೆ ಕದ್ದ ಮಾಲಿನಂತೆ ಹಾಳೆಗಳನ್ನು ದಿಂಬಿನಡಿ ತುರುಕುತ್ತೇನೆ. ಇದುವರೆಗೆ ಮೊಲ, ಅಳಿಲು, ಜಂಬದ ಹುಂಜ. ಈ ಸಲ ಮಾತ್ರ ಉಗ್ಗುವ ಒಬ್ಬ ಹುಡುಗ ಮತ್ತು ಅವನನ್ನು ಬಿಟ್ಟಿರದ ನಾಯಿಯ ಕಥೆ ಶುರು ಮಾಡಿದ್ದೆ.

ಕಾರಣ ಸಿಂಚನಾ. ಐದನೇ ಕ್ಲಾಸಿನ ಈ ಹುಡುಗಿಗೆ ಮಾತು ತಡೆಯುತ್ತದೆ. ಈಚೆಗೆ ಹಾಜರಿ ಕೂಗಿದಾಗ ಇವಳು ಕೈ ಎತ್ತುತ್ತಾಳಂತೆ, ಪಕ್ಕದ ಹುಡುಗಿ "ಪ್ರೆಸೆಂಟ್ ಮಿಸ್" ಅನ್ನುತ್ತಾಳಂತೆ. ಇದನ್ನು ಹೇಳಿದವನು ಅವಳ ತಮ್ಮ ತೇಜಸ್. "ಅಜ್ಜಿ, ಇವ್ಳಿಗೆ ಡಬ್ಬಿಂಗ್ ಆರ್ಟಿಸ್ಟ್ ಸಿಕ್ಕವ್ರೆ." ಎಲ್ಲರೂ ನಕ್ಕರು. ಅವಳೂ ನಕ್ಕಳು. ನಾನು ಎದ್ದು ಒಳಗೆ ಹೋದೆ.

ಯಾಕೆಂದರೆ ನಾನೂ ಉಗ್ಗುವವಳೇ. ಈ ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ಕಕಾರ ಬಂದರೆ ಇಂದಿಗೂ ನಾಲಿಗೆ ಹೂತುಹೋಗುತ್ತದೆ. ಕಾಫಿ ಬೇಕಾದರೆ ಸೊಸೆಗೆ "ಬಿಸಿ ಏನಾದ್ರೂ ಇದ್ಯೇನಮ್ಮ" ಅನ್ನುತ್ತೇನೆ. ಮದುವೆಯಾಗಿ ಹೋದ ಊರು ಕುಣಿಗಲ್ ಕಡೆಯದು; ಕೇಳಿದವರಿಗೆ ಪುಣ್ಯಕ್ಕೆ ಅಮೃತೂರು ಎಂದರೆ ಸಾಕಾಗುತ್ತಿತ್ತು. "ಮಾತೇ ಆಡದ ಸೊಸೆ, ಬಂಗಾರ" ಎಂದು ಅತ್ತೆ ಊರೆಲ್ಲ ಹೊಗಳಿದರು. ನಾನು ಬಂಗಾರವಾದದ್ದು ಹೀಗೆ.

ಹುಟ್ಟೂರು ಚೇಳೂರಿನ ಹತ್ತಿರ. ಲಿಂಗಪೂಜೆಯ ಮನೆ, ನಾಯಿ ಹೊಸಿಲು ದಾಟುವಂತಿರಲಿಲ್ಲ. ಚಿಕ್ಕವಳಿದ್ದಾಗ ನಾನು ಸಾಕಿದ ನಾಯಿ ತೋಟದಲ್ಲಿ, ತೆಂಗಿನಕಾಯಿ ರಾಶಿಯ ಪಕ್ಕ ಮಲಗುತ್ತಿತ್ತು. ಕೊರಳಿಗೊಂದು ದಾರವೂ ಇಲ್ಲದ ಕೆಂಪು ನಾಯಿ. ನಾನು ಮುದ್ದೆ ಹಿಡಿದು ಅದರ ಹೆಸರು ಶುರು ಮಾಡಿದರೆ ಕಿವಿ ನಿಮಿರಿಸಿ, ಹೆಸರು ಮುಗಿಯುವವರೆಗೂ ಕೂತಿರುತ್ತಿತ್ತು. ಮನೆಯವರು ಹಾಗಲ್ಲ. ಅವರಿಗೆ ನನ್ನ ಮೇಲೆ ಪ್ರೀತಿ; ನಾನು ಬಾಯಿ ತೆರೆದರೆ ಉಳಿದದ್ದನ್ನು ಅವರೇ ಹೇಳಿ ಮುಗಿಸುತ್ತಿದ್ದರು. ಊರೂ ಅದನ್ನೇ ಕಲಿತಿತ್ತು.

ಒಂದು ಸಲ ಹುಚ್ಚುನಾಯಿ ಯಾರಿಗೋ ಕಚ್ಚಿ, ನಾಯಿ ಹಿಡಿಯುವ ಗಾಡಿ ಬಂತು. ಸಾಕಿದ ನಾಯಿಯಾದರೆ ಮನೆಯವರು ಬಂದು ಹೆಸರು ಹಿಡಿದು ಕರೆಯಬೇಕು, ಆಗ ಬಿಡುತ್ತೇವೆ ಎಂದು ಹಿಂದಿನ ದಿನವೇ ತಮಟೆ ಹೊಡೆಸಿ ಸಾರಿದ್ದರು. "ಕುರ್ರೋ ಕುರ್ರೋ" ಎಂದರೆ ಊರ ನಾಯಿಗಳೆಲ್ಲ ಬಾಲ ಅಲ್ಲಾಡಿಸುತ್ತವಲ್ಲ, ಅದಕ್ಕೆ ಹೆಸರೇ ಆಗಬೇಕು. ಅಪ್ಪ ಗುಬ್ಬಿಗೆ ಹೋಗಿದ್ದರು, ಅವ್ವ ಹೊಲದಲ್ಲಿ. ನಾನು ಅರಳಿಕಟ್ಟೆಗೆ ಓಡುವಷ್ಟರಲ್ಲಿ ನಮ್ಮ ನಾಯಿಯ ಕೊರಳಿಗೆ ಕುಣಿಕೆ ಬಿದ್ದಿತ್ತು.

"ನಿಂದೇನವ್ವಾ?" ಎಂದ ಗಾಡಿಯವನು. "ಕರಿ ನೋಡಾನ."

ಬಾಯಿ ತೆರೆದೆ. ಹೆಸರು ಗಂಟಲಲ್ಲೇ ಇತ್ತು. ಗಾಡಿಯ ಇಂಜಿನ್ ಗುರುಗುಟ್ಟುತ್ತಿತ್ತು. ನಾಯಿ ಕಿವಿ ನಿಮಿರಿಸಿ ನನ್ನ ಬಾಯನ್ನೇ ನೋಡುತ್ತಿತ್ತು. ಗಾಡಿಯವನು ಹಗ್ಗವನ್ನು ಕೈಗೆ ಸುತ್ತಿಕೊಂಡ. ನನ್ನ ಪಾಡು ನೋಡಲಾರದೆ ಅಂಗಡಿ ಸಿದ್ದಣ್ಣ ಮುಂದೆ ಬಂದರು. ಹೋದಾಗಲೆಲ್ಲ ಕೈಗೊಂದು ಬೆಲ್ಲದ ಚೂರು ಕೊಡುತ್ತಿದ್ದ ಮನುಷ್ಯ. ತೋಟದಲ್ಲಿ ಬಿದ್ದಿರುವ ಆ ನಾಯಿಯನ್ನು ಯಾರದೂ ಅಲ್ಲವೆಂದೇ ತಿಳಿದಿದ್ದರು.

"ಬುಡಪ್ಪಾ, ಮಗೀನ್ ಯಾಕ್ ಗೋಳು ಹುಯ್ಕೊತೀಯಾ. ಅದು ಬೀದಿ ನಾಯಿ. ಈ ಕೂಸು ಏನೋ ಒಂದ್ ತುತ್ತು ಹಾಕ್ತಿತ್ತು, ಅಷ್ಟೇಯ."

ಹಾಗೆಂದು ನನ್ನ ತಲೆ ಸವರಿದರು. ಗಾಡಿ ಗುಬ್ಬಿ ರಸ್ತೆ ಹಿಡಿದ ಮೇಲೆ ಹೆಸರು ಬಾಯಿಗೆ ಬಂತು. ನಾಯಿ ಮತ್ತೆ ಬರಲಿಲ್ಲ.

ಇದನ್ನೇ ಕಥೆ ಮಾಡಹೊರಟಿದ್ದೆ. ನನ್ನ ಗುರುತು ಸಿಗದಿರಲೆಂದು ಹುಡುಗಿಯನ್ನು ಹುಡುಗನನ್ನಾಗಿಸಿ, ಹುಲಿಯೂರುದುರ್ಗದ ಬೆಟ್ಟದ ಬುಡಕ್ಕೆ ಕಳಿಸಿ, ನಾಯಿಗೆ ಭೀಮ ಎಂದು ಸುಲಭದ ಹೆಸರಿಟ್ಟೆ. ಗಾಡಿ ಬರುವವರೆಗೆ ಸರಾಗ. ಆಮೇಲೆ? ಹುಡುಗ ಫಟ್ಟನೆ ಹೆಸರು ಕೂಗಿ, ನಾಯಿ ಹಾರಿ ಬರುವಂತೆ ಬರೆದೆ. ಸರಿಯಾಗಿ ಮಾತಾಡಿದರೆ ಮಾತ್ರ ನಿನ್ನದು ನಿನಗೆ ಉಳಿಯುತ್ತದೆ ಎಂದು ಸಿಂಚನಾಳಿಗೆ ಹೇಳಿದಂತಾಯಿತು. ನಡೆದದ್ದನ್ನೇ ಬರೆದೆ. ಅದು ಇನ್ನೂ ಕೆಟ್ಟದಾಗಿತ್ತು. ಎರಡನ್ನೂ ಹರಿದೆ. ಸ್ವೆಟರಿನ ವಾಸನೆ ಹತ್ತಿದ ಮೇಲಂತೂ ಒಂದು ಸಾಲೂ ಮುಂದೆ ಹೋಗಲಿಲ್ಲ.

ನಿನ್ನೆ ಭಾನುವಾರ. ಮೊಮ್ಮಕ್ಕಳು ಕಥೆ ಬೇಕೆಂದು ಬಿಡಲಿಲ್ಲ, ಕೊನೆಯಿಲ್ಲದ ಹಾಳೆಗಳನ್ನೇ ಕೊಟ್ಟೆ. ಸಿಂಚನಾ ತಾನೇ ಓದುತ್ತೇನೆಂದಳು. ತಡೆದು ತಡೆದು ಓದಿ, "ಕರಿ ನೋಡಾನ" ಎಂಬಲ್ಲಿಗೆ ಬಂದು ಹಾಳೆ ತಿರುಗಿಸಿದಳು. ಖಾಲಿ.

"ನಾಯಿ ಸತ್ತೋಯ್ತಾ ಅಜ್ಜಿ?" ಎಂದ ತೇಜಸ್.

ನಾನು ಸೆರಗಿನ ಅಂಚು ಹೊಸೆಯುತ್ತ ಕೂತೆ. ಸಿಂಚನಾ ನನ್ನ ಕಡೆ ತಿರುಗಿದಳು. "ಅ... ಅ..."

"ಅಳು ಬರ್ತಿದೆಯಂತೆ ಅಜ್ಜಿ, ಇವ್ಳಿಗೆ."

"ಅಲ್ವೋ ಕೋತಿ. ಅ... ಅವ್ನಿಗೇನು ಅರ್ಜೆಂಟು? ಇಂ... ಇಂಜಿನ್ ಆಫ್ ಮಾಡಿ ಕಾಯ್ಲಿ."

ಆ ದಿನವನ್ನು ಇಷ್ಟು ವರ್ಷ ಎಷ್ಟು ಸಲ ತಿರುವಿ ಹಾಕಿದ್ದೇನೋ. ನೋಡಿದಾಗಲೆಲ್ಲ ನನ್ನ ನಾಲಿಗೆಯನ್ನಷ್ಟೇ ನೋಡಿದ್ದೆ. ಆ ಇಂಜಿನ್ನನ್ನು ಆರಿಸಬಹುದಿತ್ತು ಎಂದು ಒಮ್ಮೆಯೂ ಹೊಳೆದಿರಲಿಲ್ಲ.

"ಆ ಹುಡುಗ ನಾನೇ" ಎಂದೆ.

"ಸುಮ್ನಿರಜ್ಜಿ, ನೀನು ಹುಡ್ಗಿ ಅಲ್ವಾ" ಎಂದು ತೇಜಸ್ ಕಿಸಕ್ಕನೆ ನಕ್ಕ. ಸಿಂಚನಾ ನಗಲಿಲ್ಲ. ಹಾಳೆಗಳನ್ನು ಪಕ್ಕಕ್ಕಿಟ್ಟು ನನ್ನೆದುರು ಬಂದು ಕೂತಳು.

"ನಾ... ನಾಯಿ ನಿಜವಾದ ಹೆಸ್ರೇನು?"

ಬಾಯಿ ತೆರೆದೆ. ಆ ಅಕ್ಷರ ಅಂದಿನ ಜಾಗದಲ್ಲೇ ಕೂತಿತ್ತು. "ಕೆ..." ಎಂದೆ. "ಕೆ... ಕೆ..." ಮೊಮ್ಮಕ್ಕಳ ಮುಂದೆ ಬೆತ್ತಲಾದ ಹಾಗಾಯಿತು. ತೇಜಸ್ ಏನೋ ಹೇಳಹೊರಟ. ಸಿಂಚನಾ ಅವನತ್ತ ನೋಡದೆಯೇ ಅವನ ಬಾಯಿಗೆ ಅಂಗೈ ಒತ್ತಿದಳು. ಒಳಗೆ ಕುಕ್ಕರ್ ಕೂಗಿತು. ಯಾರೂ ಏಳಲಿಲ್ಲ. ಇನ್ನೊಮ್ಮೆ ಕೂಗಿತು.

"ಕೆಂಚ" ಎಂದೆ.