ಬಸ್ಸಿಂದ ಕಾಣುವ ಬಣ್ಣ

ಮೊನ್ನೆ ನಮ್ಮನೆ ಗೇಟಿಗೆ ಬಣ್ಣ ಹೊಡೆಸಿದೆವು. ಡಬ್ಬಿ ಮುಚ್ಚಳ ತೆಗೆದದ್ದೇ ತಡ, ಟರ್ಪೆಂಟೈನ್ ವಾಸನೆ ಅಡುಗೆಮನೆವರೆಗೂ ಬಂತು. ಒಲೆ ಮೇಲಿನ ಹಾಲು ಉಕ್ಕಿಹೋಯಿತು. ನಾನು ನೋಡುತ್ತಾ ನಿಂತೇ ಇದ್ದೆ. ಪಕ್ಕದ ಮನೆ ಮಾವ ನೆನಪಾಗಿದ್ದರು...

ನಾನು ತೆರಕಣಾಂಬಿಗೆ ಸೊಸೆಯಾಗಿ ಬರುವಾಗ ಅವರು ನೇವಿಯಲ್ಲಿ ವಿಮಾನಗಳ ಕೆಲಸ ಮುಗಿಸಿ ಊರು ಸೇರಿ ಎಷ್ಟೋ ಕಾಲವಾಗಿತ್ತು. ಕೈಯಲ್ಲಿ ಸದಾ ಕಿತ್ತಳೆ ಬಣ್ಣದ ಡಬ್ಬಿ. ಪಂಪ್‌ಸೆಟ್ಟಿನ ಮನೆ ಬಾಗಿಲು, ಪೈಪು, ಸೈಕಲ್ಲು, ಒಂದನ್ನೂ ಬಿಟ್ಟವರಲ್ಲ. ಸಂಕ್ರಾಂತಿಗೆ ಊರವರೆಲ್ಲ ಎತ್ತಿನ ಕೊಂಬಿಗೆ ಬಗೆಬಗೆ ಬಣ್ಣ ಬಳಿದರೆ ಇವರದು ಅದೇ ಕಿತ್ತಳೆ. "ಏನ್ ತಾತ, ಎತ್ಗೂ ರೆಕ್ಕೆ ಕಟ್ತೀಯಾ?" ಅಂತ ಹುಡುಗರು ರೇಗಿಸುತ್ತಿದ್ದರು. ನಾನು ಗುಂಡ್ಲುಪೇಟೆಯಲ್ಲಿ ಕೆಲಸ ಮುಗಿಸಿ ಬಸ್ಸಿಳಿದರೆ ಸಾಕು, ಹೊಲದ ಕಡೆ ಕೈತೋರಿಸಿ ಕೇಳುತ್ತಿದ್ದರು.

"ಏನವ್ವ, ಬಸ್ಸಿಂದ ಕಾಣುಸ್ತಾ?"

"ಕಾಣುಸ್ತು ಮಾವ." ಕಣ್ಣು ಕುಕ್ಕೋ ಹಾಗೆ ಬಳಿದರೆ ಕಾಣದೆ ಏನು! ಒಂದೊಂದು ದಿನ ಸಿಟ್ಟೇ ಬರುತ್ತಿತ್ತು.

ಒಮ್ಮೆ ಕೇಳಿಯೇಬಿಟ್ಟೆ, ಇದೇನು ಹುಚ್ಚು ಮಾವ ಅಂತ. ನಮ್ಮನೆ ಜಗಲಿ ಮೇಲೆ ಕೂತು ಬ್ರಷ್ಷು ಒರೆಸುತ್ತಾ ಹೇಳಿದರು. ಯುದ್ಧದ ಕಾಲ. ಹಡಗಿನಿಂದ ಹಾರುವ ವಿಮಾನ ಶತ್ರುವಿನ ಕಣ್ಣಿಗೆ ಬೀಳಬಾರದು ಅಂತ ಬಣ್ಣ ಬದಲಿಸಿ ಬದಲಿಸಿ ನೋಡುತ್ತಿದ್ದರಂತೆ. ಹೊಟ್ಟೆಗೆ ಮುಗಿಲಿನ ಬಣ್ಣ, ಬೆನ್ನಿಗೆ ಕಡಲಿನ ಬಣ್ಣ. ಕಲಸಿ ಬಳಿಯುವ ಕೆಲಸ ಮಾವನದು. ಒಂದು ಬಣ್ಣ ಎಷ್ಟು ಚೆನ್ನಾಗಿ ಕೂತಿತ್ತೆಂದರೆ, ಮೇಲಿಂದ ನೋಡಿ ಬಂದವರು ನೀರು ಬಿಟ್ಟು ಏನೂ ಕಾಣಲಿಲ್ಲ ಅಂದರಂತೆ. ಎಲ್ಲರೂ ಚಪ್ಪಾಳೆ ತಟ್ಟಿದರು, ಮಾವನೂ ತಟ್ಟಿದರು.

ಅದೇ ವಿಮಾನ ಎಂಜಿನ್ ಕೆಟ್ಟು ಕಡಲಿಗೆ ಬಿತ್ತು. ಸ್ವಲ್ಪ ಹೊತ್ತು ತೇಲಿತ್ತು. ಇನ್ನೊಂದು ವಿಮಾನದಲ್ಲಿ ಹುಡುಕಲು ಹೋದವರಿಗೆ ಪೈಲಟ್ ಹುಡುಗ ರೇಡಿಯೋದಲ್ಲಿ, ನಿಮ್ಮ ಸದ್ದು ಕೇಳ್ತಿದೆ, ನನ್ನ ಮೇಲೇ ಇದ್ದೀರಿ ಅಂದನಂತೆ. ಆಮೇಲೆ ಮಾತಿಲ್ಲ...

"ಅವ್ನು ಇವ್ರನ್ನ ನೋಡ್ತಾ ಇದ್ದ ಕಣವ್ವ. ಇವ್ರಿಗೆ ಅವ್ನು ಕಾಣ್ನಿಲ್ಲ. ನಾನು ಅಂಗೆ ಬಳುದ್ಬುಟ್ಟಿದ್ದೆ."

ಒಳಗೆ ಹೋಗಿ ಕಾಫಿ ಮಾಡಿ ತಂದೆ. ಕುಡಿದರು.

ತಮ್ಮ ಸಮಾಧಿಗೆ ಇಡುವ ಕಲ್ಲಿಗೂ ಬದುಕಿರುವಾಗಲೇ ಕಿತ್ತಳೆ ಬಳಿದಿಟ್ಟರು. "ನಾನ್ ಓದ್ಮೇಲೆ ಬಸ್ಸಿಂದ ನೋಡವ್ವ. ಕಾಣ್ಬೇಕು" ಅಂದರು. ಥೂ, ಬುಡಿ ಮಾವ ಅಂದೆ. ಹೋದರು. ಹೊಲದ ಮೂಲೆಯಲ್ಲೇ ಮಣ್ಣು ಮಾಡಿ ಮೊಣಕಾಲೆತ್ತರದ ಆ ಕಲ್ಲು ನೆಟ್ಟರು. ಕೆಲಸಕ್ಕೆ ಹೋಗುವಷ್ಟು ವರ್ಷವೂ ಬಸ್ಸಿನ ಕಿಟಕಿಯಿಂದ ನೋಡಿದೆ. ಕಾಣುತ್ತಿತ್ತು.

ಈಗ ಕೆಲಸವಿಲ್ಲ, ಬಸ್ಸು ಹತ್ತಿ ತಿಂಗಳುಗಳಾಗಿದ್ದವು. ಗೇಟಿನ ಬಣ್ಣ ಒಣಗುವ ಮುಂಚೆಯೇ ಹೊರಟು ಗುಂಡ್ಲುಪೇಟೆ ಬಸ್ಸು ಹತ್ತಿದೆ. ಹೊಲವನ್ನು ಅವರ ಮನೆಯವರು ಚೆಂಡು ಹೂವಿಗೆ ಗುತ್ತಿಗೆ ಕೊಟ್ಟಿದ್ದಾರೆ. ಕಲ್ಲು ಮುಟ್ಟಿಲ್ಲ ಕಣಕ್ಕ ಅಂತ ಗುತ್ತಿಗೆಯವನು ಹೇಳಿದ್ದ. ಮುಟ್ಟಿರಲಾರ, ಒಳ್ಳೆಯವನು. ಆದರೆ ರಸ್ತೆಯಿಂದ ಬೇಲಿವರೆಗೂ ಹೂವು ಸೊಂಟದುದ್ದ ಬೆಳೆದು ಅರಳಿತ್ತು. ಎಲ್ಲಾ ಕಿತ್ತಳೆ. ಕೇರಳದ ಕಾರುಗಳು ನಿಂತಿದ್ದವು, ಜನ ಫೋಟೋ ತೆಗೆದುಕೊಳ್ಳುತ್ತಿದ್ದರು.

"ಏನಕ್ಕಾ ಹುಡುಕ್ತಾ ಇದ್ದೀರಿ?" ಅಂದಳು ಪಕ್ಕದಲ್ಲಿ ಕೂತವಳು.

ಏನಿಲ್ಲ ಕಣಮ್ಮ ಅಂದೆ. ಅಳುವೂ ಬರಲಿಲ್ಲ. ಬಸ್ಸು ಮುಂದೆ ಹೋಯಿತು.

ಕಾಣ್ನಿಲ್ಲ ಮಾವ.