ನಾನು ಕೂತರೆ ಮಾತ್ರ ಬರುವ ಸದ್ದು

ನಮ್ಮ ಮನೆಯ ಬೈಕಿಗೆ ಈಚೆಗೆ ಒಂದು ವಿಚಿತ್ರ ಕಾಯಿಲೆ ಬಂದಿತ್ತು. ನಾನು ಹತ್ತಿದರೆ ಮಾತ್ರ ಸದ್ದು ಮಾಡುತ್ತಿತ್ತು.

ನಮ್ಮನೆಯವರು ಒಬ್ಬರೇ ಆಫೀಸಿಗೆ ಹೋದರೆ ಸದ್ದಿಲ್ಲ. ಮಗಳನ್ನು ಸ್ಕೂಲಿಗೆ ಬಿಟ್ಟು ಬಂದರೆ ಸದ್ದಿಲ್ಲ. ನಾನು ಹಿಂದೆ ಕೂತು ಗಾಡಿ ಒಂದು ಹಂಪ್ ಹತ್ತಿ ಇಳಿದರೆ ಸಾಕು, ‘ಟಕ್’. ಗುಂಡಿಗೆ ಬಿದ್ದರೆ ‘ಟಕ್ ಟಕ್’. ಕೋಲಾರದಲ್ಲಿ ಹಂಪ್‌ಗಳೆಷ್ಟು, ಗುಂಡಿಗಳೆಷ್ಟು ಅಂತ ನಿಮಗೆ ನಾನು ಹೇಳಬೇಕೇ?

“ರೀ, ಬಂತು ನೋಡಿ.”

“ಏನು ಬಂತು?”

“ಸದ್ದು.”

“ನಂಗೇನೂ ಕೇಳಿಸ್ಲಿಲ್ವಲ್ಲೇ.”

ಎಲ್ಲಿಂದ ಕೇಳಿಸಬೇಕು? ಅವರ ತಲೆಯ ಮೇಲೆ ಗಡಿಗೆಯಂಥ ಹೆಲ್ಮೆಟ್. ಎದುರು ಗಾಳಿ, ಪಕ್ಕದಲ್ಲಿ ಲಾರಿ.

ಕೊನೆಗೆ ಇಬ್ಬರೂ ಮೆಕ್ಯಾನಿಕ್ ಹತ್ತಿರ ಹೋದೆವು. ನಾನು ಬಾಯಿಬಿಟ್ಟು ಹೇಳಿದೆ: “ಎಡಗಡೆ ಕೆಳಗಿಂದ ಬರುತ್ತಪ್ಪಾ. ಕಿವಿಗಿಂತ ಮೊದಲು ಕಾಲಿಗೇ ಗೊತ್ತಾಗುತ್ತೆ.” ಆತ ತಲೆಯಾಡಿಸಿ, ಒಬ್ಬನೇ ಗಾಡಿ ಹತ್ತಿ ಒಂದು ರೌಂಡ್ ಹೊಡೆದು ಬಂದ. ಬಂದವನು ಉತ್ತರ ಹೇಳಿದ್ದು ನನಗಲ್ಲ.

“ಏನೂ ಇಲ್ವಲ್ಲ ಸಾರ್? ಚೈನ್ ಸ್ವಲ್ಪ ಲೂಸಿತ್ತು, ಟೈಟ್ ಮಾಡಿದೀನಿ.”

ಚೈನ್ ಟೈಟಾಯಿತು, ಸದ್ದು ಹೋಗಲಿಲ್ಲ. ಇನ್ನೊಂದು ಸಲ ಸೈಲೆನ್ಸರಿನ ಕ್ಲ್ಯಾಂಪ್ ಬಿಗಿಯಾಯಿತು. ಮತ್ತೊಂದು ಸಲ ಸೈಡ್ ಸ್ಟ್ಯಾಂಡಿನ ಸ್ಪ್ರಿಂಗ್ ಬದಲಾಯಿತು. ಪ್ರತಿ ಸಲವೂ ನಮ್ಮನೆಯವರು ಗೆದ್ದ ಮುಖ ಹೊತ್ತು ಮನೆಗೆ ಬರುತ್ತಿದ್ದರು. ಪ್ರತಿ ಸಲವೂ ಮೊದಲ ಹಂಪ್‌ನಲ್ಲೇ ನಾನು ಆ ಮುಖ ಕೆಡಿಸುತ್ತಿದ್ದೆ.

ಅವರ ಆಫೀಸಿನ ಗೆಳೆಯರೊಬ್ಬರು ಮನೆಗೆ ಬಂದಾಗ ಈ ಕಥೆ ಕೇಳಿ ನಕ್ಕರು. “ಇನ್ನೇನಿಲ್ಲ, ಓವರ್‌ಲೋಡ್ ಇರ್ಬೇಕು” ಅಂದರು. ನಾನು ಮಾಡಿಕೊಟ್ಟ ಕಾಫಿ ಕುಡಿಯುತ್ತಲೇ ಅಂದರು! (ಆ ವಾರ ನಾನು ಮುದ್ದೆ ಅರ್ಧ ಮಾಡಿದೆ. ಸದ್ದೇನೂ ಅರ್ಧ ಆಗಲಿಲ್ಲ.)

ತಮಾಷೆಯ ಭಾಗ ಇಷ್ಟು. ಅದಾದ ಮೇಲೆ ನಡೆದದ್ದು ತಮಾಷೆಯಲ್ಲ. ನನಗೆ ನನ್ನ ಮೇಲೇ ಅನುಮಾನ ಶುರುವಾಯಿತು. ಯಾರಿಗೂ ಕೇಳಿಸದ ಸದ್ದು ನನಗೊಬ್ಬಳಿಗೇ ಯಾಕೆ ಕೇಳಿಸುತ್ತದೆ? ತೊಂದರೆ ಇರುವುದು ಬೈಕಿನಲ್ಲೋ, ನನ್ನ ತಲೆಯಲ್ಲೋ? ಒಂದು ದಿನ ಅವರು “ಈಗ ಸರಿ ಹೋಗಿದೆ ಅಲ್ವಾ?” ಅಂದರು. “ಹ್ಞೂಂ” ಅಂದುಬಿಟ್ಟೆ. ಆಮೇಲೆ ಟಕ್ ಅಂದಾಗಲೆಲ್ಲ ತುಟಿ ಕಚ್ಚಿಕೊಂಡು ಕೂತಿರುತ್ತಿದ್ದೆ. ಹಾಗೆ ಸುಳ್ಳು ಹೇಳುತ್ತಾ ಕೂರುವುದು ಎಷ್ಟು ಕಷ್ಟ ಅಂತ ಹಾಗೆ ಕೂತವರಿಗೇ ಗೊತ್ತು.

ಮೊನ್ನೆ ಭಾನುವಾರ ಬೈರಕೂರಿಗೆ ಹೊರಟೆವು. ಅಲ್ಲಿ ನಮ್ಮ ಅತ್ತೆಯ ಮನೆ. ರಜೆಗೆ ಅಂತ ಹೋಗಿದ್ದ ಮಗಳನ್ನು ಕರೆದುಕೊಂಡು ಬರಬೇಕಿತ್ತು. ಬರುವಾಗ ಎಂದಿನಂತೆ ಅವಳು ನಮ್ಮಿಬ್ಬರ ಮಧ್ಯೆ, ನನ್ನ ತೊಡೆಯ ಮೇಲೆ ಅವಳ ಬ್ಯಾಗು, ಅತ್ತೆ ಕಟ್ಟಿಕೊಡುವ ತರಕಾರಿ ಚೀಲ.

ಮುಳಬಾಗಿಲಿನ ತನಕ ಹೈವೇ. ರಸ್ತೆ ನುಣುಪು, ಸದ್ದಿಲ್ಲ. ಹೈವೇ ಬಿಟ್ಟು ಹಳ್ಳಿ ರಸ್ತೆಗೆ ತಿರುಗಿದ್ದೇ ತಡ, ಶುರುವಾಯಿತು. ಈ ಸಲ ‘ಟಕ್’ ಅಲ್ಲ, ‘ಕಟಕ್’. ನನ್ನ ಪಾದದ ಕೆಳಗೆ ಯಾರೋ ಸುತ್ತಿಗೆಯಲ್ಲಿ ಬಡಿದ ಹಾಗೆ.

“ರೀ, ನಿಲ್ಸಿ.”

ಒಂದು ಮಾವಿನ ತೋಪಿನ ಪಕ್ಕ ನಿಲ್ಲಿಸಿದರು.

“ಮತ್ತೆ ಶುರುವಾಯ್ತಾ? ಸರಿ ಹೋಗಿದೆ ಅಂದಿದ್ಯಲ್ಲೇ.”

“ಸುಳ್ಳು ಹೇಳಿದ್ದೆ.”

“ನೀನ್ ಹೇಳೋದನ್ನ ನಂಬಲ್ಲ ಅಂತಲ್ಲ ಕಣೇ. ನಂಗೆ ಕೇಳಿಸ್ಬೇಕಲ್ಲ?”

“ಕೇಳಿಸೋ ಹಾಗೆ ಮಾಡ್ತೀನಿ. ಇಳೀರಿ. ಇಲ್ಲಿಂದ ನಾನು ಓಡಿಸ್ತೀನಿ, ನೀವು ಹಿಂದೆ ಕೂತ್ಕೊಳ್ಳಿ.”

“ನೀನಾ? ಗೇರ್ ಗಾಡಿನಾ?”

ನನ್ನ ತವರು ಮಾಲೂರಿನ ಹತ್ತಿರ ಟೇಕಲ್. ಕಾಲೇಜಿಗೆ ಹೋಗುವಾಗ ಅಪ್ಪ ಸ್ಟೇಷನ್ ರಸ್ತೆಯಲ್ಲಿ ತಮ್ಮ ಬೈಕನ್ನೇ ಕೊಟ್ಟು ಕಲಿಸಿದ್ದರು. ಮದುವೆಯಾದ ಮೇಲೆ ಕೈಗೆ ಬಂದದ್ದು ಸ್ಕೂಟಿ ಮಾತ್ರ. ಹಾಗಾಗಿ ಇವರಿಗೆ ಅದು ಬರೀ ಕೇಳಿದ ಕಥೆ, ಕಣ್ಣಾರೆ ಕಂಡದ್ದಲ್ಲ.

“ಇನ್ನೊಂದು. ನನ್ ಥರಾನೇ ಕೂತ್ಕೋಬೇಕು. ಎರಡೂ ಕಾಲು ಎಡಗಡೆಗೆ.”

(ಅವತ್ತು ನಾನು ಹಾಕಿದ್ದು ಚೂಡಿದಾರ್. ಆದರೂ ಹಿಂದೆ ಕೂರುವುದು ಒಂದೇ ಕಡೆಗೆ. ಸೀರೆಯ ಅಭ್ಯಾಸ.)

ಅವರು ಆ ಕಡೆ ಈ ಕಡೆ ನೋಡಿದರು. ಯಾರೂ ಇರಲಿಲ್ಲ. ಕೂತರು. ಸೀರೆ ಗಾರ್ಡಿನ ಕೆಳಗಿನ ಪಟ್ಟಿಯ ಮೇಲೆ ಎರಡೂ ಬೂಟು ಜೋಡಿಸಿ, ಒಂದು ಕೈಯಲ್ಲಿ ಸೀಟಿನ ಹಿಡಿ, ಇನ್ನೊಂದು ಕೈಯಲ್ಲಿ ನನ್ನ ಭುಜ. ಕ್ಲಚ್ ಬಿಡುವಾಗ ಗಾಡಿ ಒಂದು ಸಲ ಆಫ್ ಆಯಿತು. ಎರಡನೇ ಸಲ ಹೊರಟಿತು. ಸತ್ಯ ಹೇಳಬೇಕೆಂದರೆ, ಆ ಕ್ಷಣ ನನಗೆ ಸದ್ದೇ ಮರೆತುಹೋಗಿತ್ತು. ಎಷ್ಟು ವರ್ಷಗಳಾಗಿದ್ದವು!

ಆಗಲೇ ಹಿಂದಿನಿಂದ ಒಂದು ಪಿಕಪ್ ಬಂತು. ಅದರ ತುಂಬಾ ಟೊಮ್ಯಾಟೊದ ಖಾಲಿ ಕ್ರೇಟುಗಳು. ಡ್ರೈವರ್ ನಮ್ಮ ಪಕ್ಕ ನಿಧಾನ ಮಾಡಿ, ಒಂದೇ ಕಡೆಗೆ ಕಾಲು ಹಾಕಿ ಕೂತ ನನ್ನ ಗಂಡನನ್ನು ನೋಡಿ, ತೆಲುಗಿನಲ್ಲಿ ಕೂಗಿದ: “ಏಂ ಸಾರ್, ಡ್ರೈವರ್ ಮಾರಿಪೋಯಿನಾಡಾ?” ಡ್ರೈವರ್ ಬದಲಾಗಿಬಿಟ್ನಾ ಅಂತ. ನನಗೆ ನಗು ತಡೆಯಲಾಗಲಿಲ್ಲ.

ಒಂದು ಹಂಪ್ ದಾಟಿದೆ. ಹಿಂದೆ ಮೌನ. ಇವರಿಗೆ ಹಿಂದೆ ಕೂತರೂ ಗೊತ್ತಾಗದಿದ್ದರೆ ಏನು ಗತಿ? ಮುಂದೆ ಒಂದು ಗುಂಡಿ ಕಂಡಿತು. ತಪ್ಪಿಸಬಹುದಿತ್ತು. ತಪ್ಪಿಸಲಿಲ್ಲ.

“ಏಯ್! ನಿಲ್ಸು! ನಿಲ್ಸೇ!”

ನಿಲ್ಲಿಸಿದೆ. ಅವರು ಜಿಗಿದು ಇಳಿದು ರಸ್ತೆಯ ಮೇಲೇ ಮಂಡಿಯೂರಿದರು. ಸೀರೆ ಗಾರ್ಡಿನ ಹಿಂದೆ ಕೈ ತೂರಿಸಿ ಏನನ್ನೋ ಹಿಡಿದು ಅಲ್ಲಾಡಿಸಿದರು. ಅದು ಅಲ್ಲಾಡಿತು. ಅವರ ಮುಖ ಬೆಳ್ಳಗಾಯಿತು.

ಹಿಂದಿನ ಚಕ್ರದ ಎಡಗಡೆಯ ಶಾಕ್ ಅಬ್ಸಾರ್ಬರ್. ಅದರ ಕೆಳತುದಿಯನ್ನು ಹಿಡಿದಿಡುವ ನಟ್ ಎಲ್ಲೋ ಬಿದ್ದುಹೋಗಿತ್ತು. ಶಾಕ್ ಅಬ್ಸಾರ್ಬರ್ ಬೋಲ್ಟಿನ ಮೇಲೆ ಹೊರಕ್ಕೆ ಜಾರುತ್ತಾ ಜಾರುತ್ತಾ, ಇನ್ನೇನು ಕಳಚಿಕೊಳ್ಳುವಷ್ಟರಲ್ಲಿತ್ತು. ಹಿಂದೆ ಭಾರ ಬಿದ್ದು ಗಾಡಿ ಕುಲುಕಿದಾಗ ಅದು ಬಡಿಯುತ್ತಿತ್ತು. ಬಡಿದದ್ದು ನೇರ ಸೀರೆ ಗಾರ್ಡಿಗೆ, ಅಲ್ಲಿಂದ ಅದರ ಮೇಲಿಟ್ಟ ನನ್ನ ಪಾದಕ್ಕೆ. ಮುಂದೆ ಕೂತವರಿಗೆ ತಿಳಿಯುವ ದಾರಿಯೇ ಇರಲಿಲ್ಲ. ಹೊರಗಿನಿಂದ ನೋಡಿದರೆ ಗಾರ್ಡ್ ಮರೆ.

ಅದು ಕಳಚಿದ್ದರೆ ಗಾಡಿ ಒಂದು ಕಡೆಗೆ ಕುಸಿದು, ಆ ಕಬ್ಬಿಣ ತಿರುಗುವ ಚಕ್ರಕ್ಕೆ ಸಿಕ್ಕಿಕೊಳ್ಳುತ್ತಿತ್ತು.

“ವಾಪಸ್ ಹೋಗುವಾಗ, ಹೈವೇಲಿ...” ಅಂದರು ಅವರು. ಲಾರಿಗಳ ಸಾಲು, ನಮ್ಮಿಬ್ಬರ ಮಧ್ಯೆ ಮಗಳು. ಇಬ್ಬರ ಕಣ್ಣ ಮುಂದೆಯೂ ಅದೇ ಇತ್ತು.

ಎದ್ದು ಮಂಡಿಯ ಮಣ್ಣು ಕೊಡವಿಕೊಳ್ಳುತ್ತಾ ಮೆಲ್ಲಗೆ ಅಂದರು: “ಕಾಲಿಗೆ ತಗುಲ್ತು ಕಣೇ. ನೀನ್ ಹೇಳ್ತಿದ್ದ ಹಾಗೇನೇ.”

ನಾನು ಅತ್ತುಬಿಟ್ಟೆ. ಭಯಕ್ಕೆ ಅಂದುಕೊಂಡು ಅವರು ಬೆನ್ನು ಸವರಿದರು. ಭಯವೂ ಇತ್ತು. ಆದರೆ ಅದಕ್ಕಿಂತ ಹೆಚ್ಚಾಗಿ, ಇಷ್ಟು ದಿನ ಎದೆಯ ಮೇಲಿದ್ದ ಕಲ್ಲು ಇಳಿದಿತ್ತು. ನನ್ನ ತಲೆ ಸರಿಯಾಗಿಯೇ ಇತ್ತು!

ಮುಂದೆ ಹೋಗಿದ್ದ ಪಿಕಪ್ ಕನ್ನಡಿಯಲ್ಲಿ ನಮ್ಮನ್ನು ನೋಡಿ ರಿವರ್ಸ್ ಬಂತು. “ಏನಾಯ್ತಕ್ಕಾ?” ಅಂತ ಇಳಿದ ಡ್ರೈವರ್, ಬಗ್ಗಿ ನೋಡಿ ಲೊಚಗುಟ್ಟಿದ. ಕ್ರೇಟುಗಳನ್ನು ಒಂದು ಕಡೆ ಸರಿಸಿ, ಮೂವರೂ ಸೇರಿ ಬೈಕನ್ನು ಎತ್ತಿ ಹಗ್ಗ ಬಿಗಿದೆವು. ಹಗ್ಗ ಎಳೆಯುತ್ತಾ ಅವನು ಕೇಳಿದ:

“ಇದನ್ನ ಇಟ್ಕೊಂಡು ಹೆಂಗ್ ಓಡಿಸ್ತಿದ್ರಿ ಸಾರ್? ಹಿಂದೆ ಕೂತೋರಿಗಾದ್ರೂ ಗೊತ್ತಾಗ್ಲಿಲ್ವಾ?”

ನಾನು ಟೊಮ್ಯಾಟೊ ಕ್ರೇಟುಗಳನ್ನೇ ನೋಡುತ್ತಾ ನಿಂತೆ. ನಮ್ಮನೆಯವರು “ಗೊತ್ತಾಗಿತ್ತು” ಅಂದರು.

ಅಷ್ಟು ಸಾಕಾಗಿತ್ತು ನನಗೆ.

ಬೈರಕೂರಿನಲ್ಲಿ ಟ್ರ್ಯಾಕ್ಟರ್ ರಿಪೇರಿ ಅಂಗಡಿಯವರು ಹೊಸ ನಟ್ಟು, ವಾಷರ್ ಹಾಕಿ ಬಿಗಿದು ಕೊಟ್ಟರು. ಮನೆಯಲ್ಲಿ ಅತ್ತೆಗೆ ಎಲ್ಲ ವಿವರಿಸಿದೆವು. ಅವರು ದೇವರಿಗೆ ಕೈ ಮುಗಿದರು, ಮಗನಿಗೆ ಬೈದರು, ಆಮೇಲೆ ನನ್ನನ್ನು ಪಕ್ಕಕ್ಕೆ ಕರೆದು ಕೇಳಿದರು: “ಏನಮ್ಮಾ, ದೊಡ್ಡ ಗಾಡಿ ಓಡಿಸ್ತೀಯಾ ನೀನು? ನಂಗೊಂದು ರೌಂಡ್ ಹಾಕ್ಸು ಮತ್ತೆ.”

ಹಾಕಿಸಿದೆ. ಊರ ಬಾಗಿಲ ತನಕ ಹೋಗಿ ಬಂದೆವು. ಅತ್ತೆ ದಾರಿಯಲ್ಲಿ ಸಿಕ್ಕವರನ್ನೆಲ್ಲ ಹೆಸರು ಹಿಡಿದು ಕರೆದು ಮಾತಾಡಿಸಿದರು.

ಸಂಜೆಗೆ ಮುಂಚೆ ಹೊರಟೆವು. ಇವರು ಮುಂದೆ, ಮಗಳು ಮಧ್ಯೆ, ನಾನು ಹಿಂದೆ. ಪ್ರತಿ ಹಂಪ್ ದಾಟಿದ ಮೇಲೂ ಇವರು ಹೆಲ್ಮೆಟ್ಟಿನ ಗಾಜು ಎತ್ತಿ ಕೇಳುತ್ತಿದ್ದರು, “ಬಂತಾ?”

“ಇಲ್ಲ.”

“ಬಂತಾ?”

“ಇಲ್ಲಾರೀ, ರಸ್ತೆ ನೋಡಿ!”

ಹಂಪ್ ಹತ್ತಿತು, ಇಳಿಯಿತು, ಏನೂ ಇಲ್ಲ. ಏನೂ ಕೇಳಿಸದಿರುವುದು ಇಷ್ಟು ಚೆನ್ನಾಗಿರುತ್ತದೆ ಅಂತ ನನಗೆ ಗೊತ್ತಿರಲಿಲ್ಲ. ಮಗಳು ನನ್ನ ಎದೆಗೊರಗಿ ನಿದ್ದೆ ಹೋಗಿದ್ದಳು.

ಹಿಂದೆ ಕೂತವರಿಗೆ ಮುಂದಿನ ರಸ್ತೆ ಸರಿಯಾಗಿ ಕಾಣುವುದಿಲ್ಲ, ಒಪ್ಪಿದೆ. ಆದರೆ ಗಾಡಿ ಏನನ್ನುತ್ತಿದೆ ಅಂತ ಅವರನ್ನೂ ಒಂದು ಮಾತು ಕೇಳಿದರೆ ನಿಮ್ಮ ಗಂಟೇನು ಹೋಗುತ್ತದೆ?